ಚಟ್ಟಿಯ ಗಿಡ ಮನೆಯ ಗಾಳಿ ಶುದ್ಧ ಮಾಡುತ್ತದಾ? ಓದುಗರ ಪ್ರಶ್ನೆ, ಮಾಷ್ಟ್ರ ಉತ್ತರ

ಮಳೆ ಹಿಡಿದು ನರ್ಸರಿಗಳಲ್ಲಿ ಜನ ಸೇರುವ ಹೊತ್ತಿಗೆ ಈ ಒಂದೇ ವಿಷಯದ ಪತ್ರಗಳು ರಾಶಿ ಬಿದ್ದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಅಡಿಕೆ ಕೊಳೆರೋಗದ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು, ಬೇಜಾರು ಮಾಡಬೇಡಿ.

ಪ್ರಶ್ನೆ: ಮಾಷ್ಟ್ರೇ, ನಮ್ಮದು ಹೊಸ ಟೆರೇಸ್ ಮನೆ, ಒಕ್ಕಲಾಗಿ ಸ್ವಲ್ಪ ಸಮಯ ಆಯಿತು ಅಷ್ಟೇ. ಹೊಸ ಕಪಾಟು, ಮಂಚದ ವಾಸನೆಗೆ ನನಗೆ ಕಣ್ಣುರಿ, ತಲೆನೋವು. ಯಜಮಾನರು ಪೇಟೆಯಿಂದ ‘ಏರ್ ಪ್ಯೂರಿಫೈಯರ್ ಗಿಡ’ ಅಂತ ಸ್ನೇಕ್ ಪ್ಲಾಂಟ್, ಪೀಸ್ ಲಿಲಿ, ಅರೆಕಾ ಪಾಮ್ ಎಲ್ಲ ತಂದು ಮಲಗುವ ಕೋಣೆಯಲ್ಲಿ ಸಾಲಾಗಿ ಇಟ್ಟಿದ್ದಾರೆ. ನಾಸಾದವರೇ ಒಪ್ಪಿದ ಗಿಡಗಳಂತೆ. ಇನ್ನು ಕಿಟಕಿ ತೆಗೆಯುವುದು ಬೇಡ, ಎಸಿ ಹಾಕಿ ಮಲಗಿದರೆ ಸಾಕು ಅನ್ನುತ್ತಾರೆ. ಹೌದಾ?
– ಗೃಹಿಣಿ, ಬದಿಯಡ್ಕ

ಇಲ್ಲ ಅಕ್ಕ. ಗಿಡ ಇರಲಿ, ಕಿಟಕಿ ತೆಗೆಯಿರಿ. ಯಜಮಾನರಿಗೆ ಈ ಪುಟ ತೋರಿಸಿ, ನನ್ನ ಮೇಲೆ ಸಿಟ್ಟು ಬಂದರೆ ಬರಲಿ.

ನಾಸಾದ ಕಥೆ ಪೂರ್ತಿ ಸುಳ್ಳಾಗಿದ್ದರೆ ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಅದು ಅರ್ಧ ನಿಜ, ಅದೇ ತೊಂದರೆ. ಬಾಹ್ಯಾಕಾಶ ನೌಕೆಯಲ್ಲಿ ಕಿಟಕಿ ತೆಗೆಯುವ ಹಾಗಿಲ್ಲ. ಒಳಗಿನ ಪ್ಲಾಸ್ಟಿಕ್, ಅಂಟು, ಯಂತ್ರಗಳಿಂದ ಏಳುವ ರಾಸಾಯನಿಕ ಆವಿ ಒಳಗೇ ಸುತ್ತುತ್ತಿರುತ್ತದೆ. ಇದಕ್ಕೆ ಉಪಾಯ ಹುಡುಕುತ್ತಿದ್ದ ಬಿ.ಸಿ. ವೊಲ್ವರ್ಟನ್ ಎಂಬ ನಾಸಾ ವಿಜ್ಞಾನಿ ಮತ್ತು ಅವರ ಜೊತೆಯವರು 1989ರಲ್ಲಿ ಒಂದು ವರದಿ ಕೊಟ್ಟರು. ಅವರು ಮಾಡಿದ್ದು ಇಷ್ಟು: ಮುಕ್ಕಾಲು ಮೀಟರ್ ಅಗಲದ, ಎಲ್ಲ ಕಡೆ ಮುಚ್ಚಿದ, ಪಾರದರ್ಶಕ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಳಗೆ ಗಿಡ ಇಟ್ಟರು. ಅದಕ್ಕೆ ಬೆಂಜೀನ್, ಟ್ರೈಕ್ಲೋರೋಎಥಿಲೀನ್ ಅಥವಾ ಫಾರ್ಮಾಲ್ಡಿಹೈಡ್ ಬಿಟ್ಟು, 24 ಗಂಟೆ ಕಳೆದ ಮೇಲೆ ಎಷ್ಟು ಉಳಿದಿದೆ ಅಂತ ಅಳೆದರು. ಕಡಿಮೆಯಾಗಿತ್ತು, ಕೆಲವು ಗಿಡಗಳಲ್ಲಿ ಚೆನ್ನಾಗಿಯೇ ಕಡಿಮೆಯಾಗಿತ್ತು. ಅಂಗಡಿಯವರು ಹೇಳುವ ಪಟ್ಟಿ ಹುಟ್ಟಿದ್ದು ಅಲ್ಲಿಂದ. ನಾಸಾ ಯಾವ ಗಿಡಕ್ಕೂ ಸರ್ಟಿಫಿಕೇಟ್ ಕೊಟ್ಟಿಲ್ಲ. ಅಂದಹಾಗೆ ಆ ಕೆಲಸದಲ್ಲಿ ನಾಸಾದ ಜೊತೆ ಕೈ ಜೋಡಿಸಿದ್ದು ಅಮೆರಿಕದಲ್ಲಿ ಉದ್ಯಾನ ಮಾಡಿಕೊಡುವ ಗುತ್ತಿಗೆದಾರರ ಸಂಘ. ಅದರಿಂದ ಪ್ರಯೋಗ ಸುಳ್ಳಾಗುವುದಿಲ್ಲ, ಆದರೆ ಸುದ್ದಿ ಅಷ್ಟು ಬೇಗ ನರ್ಸರಿಗಳಿಗೆ ಮುಟ್ಟಿದ್ದು ಹೇಗೆ ಅಂತ ಅರ್ಥ ಆಗುತ್ತದೆ, ಅಲ್ವಾ?

ಆ ವರದಿಯಲ್ಲಿ ಯಾರೂ ಓದದ ಭಾಗ ಇನ್ನೊಂದಿದೆ. ಎಲೆಗಿಂತ ಬೇರಿನ ಸುತ್ತಲಿನ ಮಣ್ಣು, ಅದರಲ್ಲಿರುವ ಸೂಕ್ಷ್ಮಜೀವಿಗಳು ಜಾಸ್ತಿ ಕೆಲಸ ಮಾಡುತ್ತವೆ ಅಂತ ಅವರಿಗೆ ಕಂಡಿತ್ತು. ಅದಕ್ಕಾಗಿ ಕೆಲವು ಪ್ರಯೋಗಗಳಲ್ಲಿ ಬೇರಿನ ಬುಡಕ್ಕೆ ಆಕ್ಟಿವೇಟೆಡ್ ಕಾರ್ಬನ್ ತುಂಬಿ, ಸಣ್ಣ ಫ್ಯಾನಿನಿಂದ ಗಾಳಿಯನ್ನು ಅದರ ಮೂಲಕ ಎಳೆಸಿದರು. ಆಕ್ಟಿವೇಟೆಡ್ ಕಾರ್ಬನ್ ಅಂದರೆ ವಿಶೇಷವಾಗಿ ಹದ ಮಾಡಿದ ಇದ್ದಿಲು. ಅದನ್ನು ಮಾಡಲು ಒಳ್ಳೆಯ ಕಚ್ಚಾವಸ್ತು ಯಾವುದು ಗೊತ್ತಾ? ನಾವು ಬಚ್ಚಲಿನ ಒಲೆಗೆ ಹಾಕುವ ತೆಂಗಿನ ಗೆರಟೆ. ಹಾಗಂತ ಒಲೆಯ ಇದ್ದಿಲು ತಂದು ಚಟ್ಟಿಗೆ ತುಂಬಬೇಡಿ, ಅದು ಆ ಕೆಲಸ ಮಾಡುವುದಿಲ್ಲ. ನಿಮ್ಮ ಕೋಣೆಯ ಚಟ್ಟಿಗಳಲ್ಲಿ ಫ್ಯಾನೂ ಇಲ್ಲ, ಕಾರ್ಬನ್ನೂ ಇಲ್ಲ.

ಈಗ ಲೆಕ್ಕ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಬ್ರಯಾನ್ ಕಮಿಂಗ್ಸ್ ಮತ್ತು ಮೈಕೆಲ್ ವೇರಿಂಗ್ ಎಂಬಿಬ್ಬರು ಅಲ್ಲಿವರೆಗೆ ನಡೆದ 12 ಅಧ್ಯಯನಗಳ 196 ಪ್ರಯೋಗಗಳ ಫಲಿತಾಂಶವನ್ನು ಒಟ್ಟು ಹಾಕಿ 2019ರಲ್ಲಿ ಪ್ರಕಟಿಸಿದರು. ಒಂದು ಗಿಡ ಒಂದು ಗಂಟೆಗೆ ಎಷ್ಟು ಗಾಳಿಯನ್ನು ಶುದ್ಧ ಮಾಡುತ್ತದೆ ಅಂತ ಎಲ್ಲವನ್ನೂ ಒಂದೇ ಅಳತೆಗೆ ತಂದಾಗ ಸಿಕ್ಕಿದ ನಡು ಅಂಕಿ 0.023 ಘನ ಮೀಟರ್. ಅಂದರೆ ಗಂಟೆಗೆ 23 ಲೀಟರ್. ನಿಮ್ಮ ಕೋಣೆ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರ ಅಂತ ಇಟ್ಟುಕೊಂಡರೆ ಒಳಗಿರುವ ಗಾಳಿ ಸುಮಾರು 28,000 ಲೀಟರ್. ಕೋಣೆಯ ಗಾಳಿ ಗಂಟೆಗೆ ಒಂದು ಸಲ ಪೂರ್ತಿ ಬದಲಾದಷ್ಟು ಪ್ರಯೋಜನ ಗಿಡಗಳಿಂದಲೇ ಬರಬೇಕಾದರೆ ಸಾವಿರದ ಇನ್ನೂರು ಚಟ್ಟಿ ಬೇಕು. ಮಂಚ ಎಲ್ಲಿಡುತ್ತೀರಿ? ಅದೇ ಎದುರುಬದುರಿನ ಎರಡು ಕಿಟಕಿ ತೆಗೆದಿಟ್ಟರೆ, ಹೊರಗೆ ಸ್ವಲ್ಪ ಗಾಳಿ ಬೀಸುತ್ತಿದ್ದರೆ, ಗಂಟೆಯೊಳಗೆ ಕೋಣೆಯ ಗಾಳಿ ಹಲವು ಸಲ ಬದಲಾಗಿ ಹೋಗುತ್ತದೆ. ಏಳೆಂಟು ಗಿಡದಿಂದ ಕೋಣೆ ಶುದ್ಧ ಮಾಡಲು ಹೊರಡುವುದು ಚಂದ್ರಗಿರಿ ಹೊಳೆಯನ್ನು ಗೆರಟೆಯಲ್ಲಿ ಮೊಗೆದು ಖಾಲಿ ಮಾಡಲು ಹೊರಟ ಹಾಗೆ.

ನಿಮ್ಮ ಕಣ್ಣುರಿಗೆ ಬರುತ್ತೇನೆ. ಹೊಸ ಕಪಾಟು ಪ್ಲೈವುಡ್ಡಿನದೋ, ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡಿನದೋ ಆಗಿದ್ದರೆ ಅದರ ಪದರಗಳನ್ನು, ಪುಡಿಯನ್ನು ಹಿಡಿದಿಡುವ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ. ಅದು ಮೆಲ್ಲ ಮೆಲ್ಲ ಹೊರಗೆ ಬರುತ್ತಾ ಇರುತ್ತದೆ. ಸೆಕೆ ಹೆಚ್ಚಿದಷ್ಟೂ, ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಜಾಸ್ತಿ ಬರುತ್ತದೆ, ನಮ್ಮ ಊರಿನಲ್ಲಿ ಎರಡಕ್ಕೂ ಬರಗಾಲ ಇಲ್ಲ. ತಿಂಗಳುಗಳು ಕಳೆದ ಹಾಗೆ ಕಡಿಮೆಯಾಗುತ್ತದೆ. ಹಾಗಾಗಿ ಹಗಲು ಹೊತ್ತು ಕಪಾಟಿನ ಬಾಗಿಲು, ಡ್ರಾಯರ್ ಎಲ್ಲ ತೆರೆದಿಟ್ಟು, ಕಿಟಕಿ ತೆಗೆದು, ಫ್ಯಾನ್ ಹಾಕಿಡಿ. ಬೋರ್ಡಿನ ಕತ್ತರಿಸಿದ ಅಂಚು ಎಲ್ಲಾದರೂ ಬೋಳಾಗಿ ಉಳಿದಿದ್ದರೆ ಆಚಾರಿಯನ್ನು ಕರೆಸಿ ಪಟ್ಟಿ ಅಂಟಿಸಿ ಮುಚ್ಚಿಸಿ, ಆವಿ ಹೆಚ್ಚು ಬರುವುದು ಅಲ್ಲಿಂದಲೇ. ಕೆಲವು ವಾರ ಬೇರೆ ಕೋಣೆಯಲ್ಲಿ ಮಲಗಲು ಅನುಕೂಲ ಇದ್ದರೆ ಇನ್ನೂ ಒಳ್ಳೆಯದು. ಎಸಿಯ ವಿಷಯ ಕೇಳಿದಿರಿ: ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಒಳಗಿನದನ್ನೇ ತಣ್ಣಗೆ ಮಾಡಿ ಪುನಃ ಬಿಡುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ತಲೆನೋವು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ, ಎಲ್ಲಕ್ಕೂ ಕಪಾಟೇ ಕಾರಣ ಅಂತ ಕೂರಬೇಡಿ.

ಅರೆಕಾ ಪಾಮ್ ಬಗ್ಗೆ ಒಂದು ಮಾತು. ಅದು ನಮ್ಮ ಅಡಿಕೆ ಅಲ್ಲ. ಮಡಗಾಸ್ಕರ್ ಕಡೆಯ ಬೇರೆಯೇ ಒಂದು ಗಿಡ. ಅದನ್ನು ನೋಡಿ “ನಮ್ಮ ತೋಟದಲ್ಲೇ ಇಷ್ಟು ಅಡಿಕೆ ಮರ ಇದೆ, ಇದಕ್ಕೆ ಯಾಕೆ ದುಡ್ಡು ಕೊಟ್ಟಿರಿ” ಅಂತ ಅತ್ತೆಯವರು ಜಗಳ ತೆಗೆದಿದ್ದರೆ ಈ ಒಂದು ವಿಷಯದಲ್ಲಿ ಯಜಮಾನರ ಪರ ನಿಲ್ಲಬಹುದು.

ಪ್ರಶ್ನೆ: ಸ್ನೇಕ್ ಪ್ಲಾಂಟ್ ರಾತ್ರಿ ಆಮ್ಲಜನಕ ಬಿಡುತ್ತದೆ ಅಂತ ವಿಡಿಯೋಗಳಲ್ಲಿ ನೋಡಿದೆ. ಅಜ್ಜಿ ಹೇಳುವುದು, ರಾತ್ರಿ ಗಿಡದ ಹತ್ತಿರ ಮಲಗಿದರೆ ಉಸಿರು ಕಟ್ಟುತ್ತದೆ ಅಂತ. ಯಾರದ್ದು ಸರಿ?
– ಪ್ಲಸ್ ಟು ವಿದ್ಯಾರ್ಥಿನಿ, ನೀರ್ಚಾಲು

ಇಬ್ಬರದ್ದೂ ಅಲ್ಲ ಮಗಾ. ಆದರೆ ಅಜ್ಜಿಯ ಹತ್ತಿರ ಅದನ್ನು ನಾನು ಹೇಳಿದೆ ಅಂತ ಹೇಳಬೇಡ.

ದ್ಯುತಿಸಂಶ್ಲೇಷಣೆ ನೀನು ಓದಿದ್ದೀ. ಎಲೆಯಿಂದ ಬರುವ ಆಮ್ಲಜನಕ ನೀರು ಒಡೆದು ಬರುವುದು, ನೀರು ಒಡೆಯಲು ಬೆಳಕು ಬೇಕು. ಕತ್ತಲಲ್ಲಿ ಯಾವ ಗಿಡವೂ ಆಮ್ಲಜನಕ ತಯಾರಿಸುವುದಿಲ್ಲ. ತುಳಸಿಯೂ ಇಲ್ಲ, ಅಶ್ವತ್ಥವೂ ಇಲ್ಲ. ಸ್ನೇಕ್ ಪ್ಲಾಂಟಿನ ವಿಶೇಷ ಬೇರೆ. ನೀರು ಉಳಿಸುವುದಕ್ಕಾಗಿ ಅದು ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಟ್ಟು, ತಂಪಾದ ರಾತ್ರಿಯಲ್ಲಿ ತೆರೆಯುತ್ತದೆ. ಆಗ ಒಳಗೆ ತೆಗೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಮರುದಿನ ಬೆಳಕು ಬಂದಾಗ ಅದರಿಂದ ಸಕ್ಕರೆ ಮಾಡುತ್ತದೆ. ಲೋಳೆಸರ, ಅನಾನಸು, ಕಳ್ಳಿ ಎಲ್ಲದರದ್ದೂ ಇದೇ ಕ್ರಮ. ಪುಸ್ತಕದಲ್ಲಿ ಇದಕ್ಕೆ ಸಿಎಎಂ ಅಂತ ಹೆಸರು. ರಾತ್ರಿ ಒಳಗೆಳೆದುಕೊಳ್ಳುವುದನ್ನು ಯಾರೋ ರಾತ್ರಿ ಹೊರಗೆ ಬಿಡುವುದು ಅಂತ ಮಾಡಿಬಿಟ್ಟರು, ವಿಡಿಯೋ ಓಡಿತು.

ಅಜ್ಜಿಯ ಹೆದರಿಕೆಗೂ ಬುಡ ಇದೆ, ಗಿಡಗಳೂ ರಾತ್ರಿ ಉಸಿರಾಡುತ್ತವೆ, ಹೆಚ್ಚಿನವು ಆಗ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಆದರೆ ನಾಲ್ಕು ಚಟ್ಟಿ ಬಿಡುವುದು ಎಷ್ಟು? ನಿನ್ನ ಪಕ್ಕದಲ್ಲಿ ಗೊರಕೆ ಹೊಡೆಯುತ್ತಾ ಮಲಗಿರುವ ತಮ್ಮ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಬಿಡುತ್ತಾನೆ. ಹತ್ತಡಿ ಚೌಕದ ಕೋಣೆಯಲ್ಲಿ ಸುಮಾರು 5,900 ಲೀಟರ್ ಆಮ್ಲಜನಕ ಇರುತ್ತದೆ. ಒಬ್ಬ ಮನುಷ್ಯನಿಗೆ ಇಡೀ ದಿನಕ್ಕೆ ಬೇಕಾಗುವುದು ಐನೂರು ಐನೂರೈವತ್ತು ಲೀಟರ್. ಮುಚ್ಚಿದ ಕೋಣೆಯಲ್ಲಿ ಬೆಳಿಗ್ಗೆ ತಲೆ ಭಾರ ಅನಿಸಿದರೆ ಅದು ಆಮ್ಲಜನಕ ಖಾಲಿಯಾದ್ದರಿಂದ ಅಲ್ಲ. ಹೊರಗಿನ ಗಾಳಿಯಲ್ಲಿ ಈಗ ಸುಮಾರು 420 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು) ಇರುವ ಇಂಗಾಲದ ಡೈಆಕ್ಸೈಡ್, ಎರಡು ಜನ ಬಾಗಿಲು ಹಾಕಿ ಮಲಗಿದ ಕೋಣೆಯಲ್ಲಿ ಬೆಳಗಾಗುವಾಗ 2,000 ದಾಟುವುದುಂಟು. ಒಳಗಿನ ಬಿಸಿ, ಬೆವರು ಬೇರೆ. ಕಿಟಕಿಯ ಒಂದು ಬಾಗಿಲು ತೆರೆದಿಡು, ನುಸಿ ಬರುತ್ತದೆ ಅಂತಾದರೆ ಬಲೆ ಹಾಕಿಸಲು ಅಪ್ಪನಿಗೆ ಹೇಳು.

ಪ್ರಶ್ನೆ: ನೀವು ಕಳೆದ ವರ್ಷವೂ ಹೀಗೇ ಗಿಡಗಳ ಮೇಲೆ ಬರೆದಿದ್ದಿರಿ. ದೆಹಲಿಯಲ್ಲಿ ಇಡೀ ಒಂದು ಆಫೀಸ್ ಕಟ್ಟಡ ಗಿಡಗಳಿಂದಲೇ ಶುದ್ಧ ಗಾಳಿ ಮಾಡಿಕೊಂಡಿದೆಯಲ್ಲ, ಅದಕ್ಕೇನು ಹೇಳುತ್ತೀರಿ? ಸುಮ್ನೆ ಎಲ್ಲವನ್ನೂ ಅಲ್ಲಗಳೆಯುವುದು ಸರಿಯಲ್ಲ.
– ನಿವೃತ್ತ ಬ್ಯಾಂಕ್ ನೌಕರ, ಉಪ್ಪಳ

ಸರ್, ನೀವು ಹೇಳುವುದು ಪಹಾಡ್‌ಪುರ್ ಬಿಸಿನೆಸ್ ಸೆಂಟರ್, ಕಮಲ್ ಮೀಟಲ್ ಅವರದ್ದು. 2009ರ ಅವರ ಭಾಷಣ ಬಹಳ ಜನ ನೋಡಿದ್ದಾರೆ, ನಾನೂ ನೋಡಿದ್ದೇನೆ. ಅರೆಕಾ ಪಾಮ್, ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ಎಂಬ ಮೂರು ಗಿಡಗಳ ಹೆಸರು ನಮ್ಮ ದೇಶದಲ್ಲಿ ಮನೆಮಾತಾದದ್ದು ಆ ಭಾಷಣದಿಂದ ಅಂತ ಹೇಳಿದರೂ ತಪ್ಪಿಲ್ಲ. ಆದರೆ ಅವರೇ ಹೇಳಿದ ಅಂಕಿಗಳನ್ನು ನೋಡಿ: 300 ಜನರಿಗೆ 1,200 ಗಿಡ. ಒಬ್ಬ ಮನುಷ್ಯನಿಗೆ ಹೆಗಲೆತ್ತರದ ಅರೆಕಾ ಪಾಮ್ ನಾಲ್ಕು. ನಮ್ಮ ಮನೆಗಳಲ್ಲಿ ಇರುವುದು ಟಿವಿ ಪಕ್ಕ ಒಂದು, ಬಚ್ಚಲಲ್ಲಿ ಒಂದು. ಅದೂ ಅಲ್ಲದೆ ಆ ಕಟ್ಟಡದಲ್ಲಿ ಗಾಳಿ ತೊಳೆಯುವ, ಸೋಸುವ ಯಂತ್ರಗಳೂ ಇವೆ. ಎರಡೂ ಒಟ್ಟಿಗೆ ಓಡುತ್ತಿರುವಾಗ ಶುದ್ಧವಾದದ್ದು ಯಾವುದರಿಂದ ಅಂತ ಬಿಡಿಸಿ ಹೇಳುವುದು ಹೇಗೆ?

ಗಿಡದಿಂದ ಇದು ಎಂದೆಂದಿಗೂ ಸಾಧ್ಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. 2018ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ನಮ್ಮ ಇದೇ ಮನಿ ಪ್ಲಾಂಟಿಗೆ ಮೊಲದ ಒಂದು ವಂಶವಾಹಿ ಸೇರಿಸಿದರು. ಮೊಲದ ಪಿತ್ತಜನಕಾಂಗದಲ್ಲಿ ಕೆಲವು ವಿಷಗಳನ್ನು ಒಡೆಯುವ ಕಿಣ್ವ ಇದೆ, ಅದನ್ನೇ ಗಿಡ ಮಾಡಿಕೊಳ್ಳುವ ಹಾಗೆ. ಮುಚ್ಚಿದ ಸೀಸೆಯೊಳಗೆ ಆ ಗಿಡ ಕ್ಲೋರೋಫಾರ್ಮನ್ನು ಮೂರು ದಿನದಲ್ಲಿ 82 ಶೇಕಡಾ ಕಡಿಮೆ ಮಾಡಿತು. ಮಾಮೂಲಿ ಮನಿ ಪ್ಲಾಂಟಿನ ಸೀಸೆಯಲ್ಲಿ ಬದಲಾವಣೆ ಕಾಣಲಿಲ್ಲ. ಆ ವಿಜ್ಞಾನಿಗಳೂ ಕೊನೆಗೆ ಹೇಳಿದ್ದು, ಮನೆಯಲ್ಲಿ ಪ್ರಯೋಜನ ಆಗಬೇಕಾದರೆ ಎಲೆಗಳ ಮೇಲೆ ಗಾಳಿ ಹಾಯಿಸಲು ಫ್ಯಾನ್ ಬೇಕು ಅಂತಲೇ.

ಪ್ರಶ್ನೆ: ನಮ್ಮದು ಹಳೆಯ ಹಂಚಿನ ಮನೆ, ಈಗ ಹಿಂದೆ ಶೀಟ್ ಹಾಕಿ ವರ್ಕ್ ಏರಿಯಾ ಮಾಡಿಸಿದ್ದೇವೆ. ಗ್ಯಾಸ್ ಇದ್ದರೂ ಅಮ್ಮ ಅನ್ನ, ಬಚ್ಚಲ ನೀರು ಎಲ್ಲ ಸೌದೆ ಒಲೆಯಲ್ಲೇ. ರಾತ್ರಿ ನುಸಿಗೆ ಬತ್ತಿ ಹಚ್ಚಿ ಮಲಗುತ್ತಾರೆ. ಈಗ ಕೆಮ್ಮು ಬಿಡುತ್ತಿಲ್ಲ. ಹೊಗೆ ಎಳೆದುಕೊಳ್ಳುವ ಗಿಡ ಯಾವುದಾದರೂ ಇದ್ದರೆ ತಿಳಿಸಿ, ಸ್ಪೈಡರ್ ಪ್ಲಾಂಟ್ ಒಳ್ಳೆಯದು ಅಂತಾರೆ.
– ಕೃಷಿಕ, ಎಣ್ಮಕಜೆ

ಬಂದ ಪತ್ರಗಳಲ್ಲಿ ನನಗೆ ನಿಜವಾಗಿ ಚಿಂತೆ ಆದದ್ದು ನಿಮ್ಮದು. ಅಂಥ ಗಿಡ ಇಲ್ಲ. ಮೊದಲು ಅಮ್ಮನನ್ನು ಡಾಕ್ಟರಿಗೆ ತೋರಿಸಿ, ಎರಡು ಮೂರು ವಾರ ದಾಟಿದ ಕೆಮ್ಮನ್ನು ಕಷಾಯದಲ್ಲಿ ಮುಗಿಸಬಾರದು. ಕಫ ಪರೀಕ್ಷೆಯೂ ಆಗಲಿ.

ಗಾಳಿಯಲ್ಲಿ ಬಂದದ್ದು ಮನುಷ್ಯರನ್ನು ಏನು ಮಾಡಬಲ್ಲದು ಅಂತ ನಿಮ್ಮ ಪಂಚಾಯತಿನವರಿಗೆ ನಾನು ಹೇಳಬೇಕಾಗಿಲ್ಲ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಾಲ ಕಂಡವರು ನೀವು. ಅದು ಹೊರಗಿನವರು ತಂದ ವಿಷ, ಅದರ ವಿರುದ್ಧ ಕೂಗಿದೆವು, ಕೋರ್ಟಿಗೆ ಹೋದೆವು. ಆದರೆ ಅಡಿಗೆಮನೆಯ ಹೊಗೆಯನ್ನು ನಾವು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಅಮ್ಮನ ಪಾಲಿಗೆ ಬಂದದ್ದು ಅಂತ ಬಿಟ್ಟಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಇಂಥ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 32 ಲಕ್ಷ ಜನ ಸತ್ತಿದ್ದಾರೆ. ಅದರಲ್ಲಿ ಐದು ವರ್ಷ ತುಂಬದ ಮಕ್ಕಳೇ ಎರಡು ಲಕ್ಷಕ್ಕಿಂತ ಹೆಚ್ಚು.

ಹೊಗೆಯಲ್ಲಿ ಕೆಟ್ಟದ್ದು ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಕಣ. ಪಿಎಂ 2.5 ಅಂತ ಕರೆಯುವ ಈ ಕಣಗಳು ತಲೆಕೂದಲಿನ ದಪ್ಪದ ಇಪ್ಪತ್ತನೇ ಒಂದು ಪಾಲೂ ಇರುವುದಿಲ್ಲ, ಶ್ವಾಸಕೋಶದ ತುದಿವರೆಗೆ ಹೋಗಿ ಕೂರುತ್ತವೆ. ಎಲೆಗಳ ಮೇಲೆ ಒಂದಿಷ್ಟು ಕೂರಬಹುದು. ಆದರೆ ಒಲೆ ನಿಮಿಷ ನಿಮಿಷಕ್ಕೆ ಬಿಡುವುದರ ಎದುರು ಅದು ಯಾವ ಲೆಕ್ಕ?

ಹಂಚಿನ ಮನೆಗೆ ಒಂದು ಗುಣ ಇತ್ತು, ಹಂಚಿನ ಸಂದಿಯಿಂದ ಹೊಗೆ ತಾನಾಗಿ ಹೊರಗೆ ಹೋಗುತ್ತಿತ್ತು. ಶೀಟ್ ಹಾಕಿ, ಮೂರು ಕಡೆ ಗೋಡೆ ಕಟ್ಟಿದ ವರ್ಕ್ ಏರಿಯಾದಲ್ಲಿ ಆ ದಾರಿಯೂ ಬಂದ್. ಹಾಗಾಗಿ ಮೊದಲು ಒಲೆಗೆ ಹೊಗೆಕೊಳವೆ ಹಾಕಿಸಿ. ಕೊಳವೆ ಮಾಡಿನಿಂದ ಮೇಲೆ ಹೋಗಬೇಕು, ಶೀಟಿನ ಅಡಿಯಲ್ಲೇ ನಿಂತರೆ ಹಾಕಿಸಿದ್ದು ದಂಡ. ಇದ್ದದ್ದಾದರೆ ಅದರೊಳಗಿನ ಮಸಿ ತೆಗೆಸಿ, ಎಷ್ಟೋ ಮನೆಯಲ್ಲಿ ಕೊಳವೆ ಇದೆ, ಒಳಗೆ ಅರ್ಧ ಕಟ್ಟಿದೆ. ಗೋಡೆಯ ಮೇಲ್ಭಾಗದಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್, ಎದುರಿನ ಬಾಗಿಲು ತೆರೆದು. ಮಳೆಗಾಲದಲ್ಲಿ ಹಸಿ ಮಡಲು, ಒದ್ದೆ ಸಿಪ್ಪೆ ತುರುಕಬೇಡಿ. ಒಣಗಿದ ಗೆರಟೆ, ಕೊತ್ತಳಿಗೆ ಬೇಸಿಗೆಯಲ್ಲೇ ಕೂಡಿಟ್ಟುಕೊಳ್ಳಿ. ಅನ್ನ ಗ್ಯಾಸಿನಲ್ಲಿ ಆಗಲಿ. ಅಮ್ಮ ಒಪ್ಪುವುದಿಲ್ಲ, ಗೊತ್ತು, ಒಲೆಯ ಅನ್ನದ ರುಚಿಯೇ ಬೇರೆ ಅನ್ನುತ್ತಾರೆ. ಹಾಗಾದರೆ ಬಚ್ಚಲ ನೀರನ್ನಾದರೂ ಒಲೆಯಿಂದ ಬಿಡಿಸಿ.

ಇನ್ನು ಬತ್ತಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೀನಾ ಮತ್ತು ಮಲೇಶಿಯಾದ ಸೊಳ್ಳೆ ಬತ್ತಿಗಳನ್ನು ಉರಿಸಿ ನೋಡಿದರು. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು. ಬಾಗಿಲು ಹಾಕಿದ ಕೋಣೆಯಲ್ಲಿ, ರಾತ್ರಿಯಿಡೀ, ತಲೆಯ ಹತ್ತಿರ. ಅಮ್ಮನಿಗೆ ಒಂದು ಸೊಳ್ಳೆಪರದೆ ತಂದುಕೊಡಿ, ಗಿಡಕ್ಕೆ ಹಾಕುವ ದುಡ್ಡಿನಲ್ಲಿ ಅದು ಬರುತ್ತದೆ.

ಪ್ರಶ್ನೆ: ಹೈವೇ ಬದಿಯಲ್ಲಿ ಮನೆ. ಆರು ಪಥದ ಕೆಲಸ ಶುರುವಾದ ಮೇಲೆ ಧೂಳು ಹೇಳಿ ಸುಖ ಇಲ್ಲ. ಸಿಟೌಟಿನಲ್ಲಿ ಗಿಡ ಇಟ್ಟರೆ ಧೂಳು ತಡೆಯುತ್ತದಾ?
– ಅಂಗಡಿ ಮಾಲಕ, ಮಂಜೇಶ್ವರ

ಸಿಟೌಟಿನ ಚಟ್ಟಿ ಗಿಡ ತಡೆಯುವುದಿಲ್ಲ, ಒರೆಸುವ ಕೆಲಸ ಒಂದು ಜಾಸ್ತಿ ಆಗುತ್ತದೆ ಅಷ್ಟೇ. ಆದರೆ ನಿಮ್ಮ ವಿಷಯದಲ್ಲಿ ಗಿಡಕ್ಕೆ ಒಂದು ಪಾತ್ರ ಇದೆ, ಮನೆಯ ಹೊರಗೆ. ರಸ್ತೆಗೂ ಮನೆಗೂ ನಡುವೆ ಜಾಗ ಉಳಿದಿದ್ದರೆ ದಟ್ಟವಾದ ಬೇಲಿ ಎಬ್ಬಿಸಿ. ಎಲೆ ನೆಲದಿಂದಲೇ ಶುರುವಾಗಬೇಕು, ಸಂದಿ ಇರಬಾರದು. ತೆಂಗು, ಅಡಿಕೆ ಸಾಲು ಇದಕ್ಕೆ ಪ್ರಯೋಜನ ಇಲ್ಲ, ಮೇಲೆ ತಲೆ, ಕೆಳಗೆ ಬರೀ ಕಂಬ, ಧೂಳು ನಡುವಿನಿಂದ ಸಲೀಸಾಗಿ ಬರುತ್ತದೆ. ದಾಸವಾಳ, ಕ್ರೋಟನ್ ಒತ್ತೊತ್ತಾಗಿ ನೆಟ್ಟು ಆಳೆತ್ತರಕ್ಕೆ ಬಿಡಿ. ಒರಟಾದ, ರೋಮ ಇರುವ ಎಲೆ ಧೂಳನ್ನು ಹೆಚ್ಚು ಹಿಡಿಯುತ್ತದೆ. ಮಳೆ ಬಂದಾಗ ತೊಳೆದು ಹೋಗುತ್ತದೆ, ಬೇಸಿಗೆಯಲ್ಲಿ ನೀವೇ ಪೈಪು ಹಿಡಿಯಬೇಕು. ಪೂರ್ತಿ ನಿಲ್ಲುತ್ತದೆ ಅಂತ ಅಂದುಕೊಳ್ಳಬೇಡಿ, ಒಂದು ಪಾಲು ಕಡಿಮೆಯಾಗುತ್ತದೆ.

ಲಾರಿ ಓಡಾಟ ಜೋರಿರುವ ಹೊತ್ತಿನಲ್ಲಿ ರಸ್ತೆ ಕಡೆಯ ಕಿಟಕಿ ಹಾಕಿ, ಹಿಂದಿನ ಕಡೆಯದ್ದು ತೆಗೆದಿಡಿ. ಒಣ ಹಿಡಿಸೂಡಿಯಲ್ಲಿ ಗುಡಿಸಿದರೆ ಕೂತ ಧೂಳು ಮತ್ತೆ ಎದ್ದು ಮೂಗಿಗೇ ಬರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುವುದು ಒಳ್ಳೆಯದು.

ಪ್ರಶ್ನೆ: ದುಬೈಯಲ್ಲಿರುವ ಮಗ ಏರ್ ಪ್ಯೂರಿಫೈಯರ್ ಕಳಿಸುತ್ತೇನೆ ಅನ್ನುತ್ತಾನೆ. ಅವನ ಅಮ್ಮ ಗಿಡ ಸಾಕು ಅನ್ನುತ್ತಾಳೆ. ಮಳೆಗಾಲದಲ್ಲಿ ನಮ್ಮ ಕೋಣೆಗೆ ಬೂಷ್ಟಿನ ವಾಸನೆ, ನನಗೆ ಸ್ವಲ್ಪ ದಮ್ಮಿನ ತೊಂದರೆಯೂ ಇದೆ. ಯಾವುದು ಒಳ್ಳೆಯದು?
– ಹಿರಿಯ ಓದುಗ, ಕುಂಬಳೆ

ಎರಡರ ಲೆಕ್ಕ ಪಕ್ಕ ಪಕ್ಕ ಇಟ್ಟು ನೋಡಿ. ಗಿಡ ಗಂಟೆಗೆ 23 ಲೀಟರ್ ಅಂತ ಮೇಲೆ ಹೇಳಿದೆ. ಒಂದು ಕೋಣೆಗೆ ಸಿಗುವ ಸಾಧಾರಣ ಪ್ಯೂರಿಫೈಯರ್ ಗಂಟೆಗೆ 200 ಘನ ಮೀಟರ್, ಅಂದರೆ ಎರಡು ಲಕ್ಷ ಲೀಟರ್. ಪೆಟ್ಟಿಗೆಯ ಮೇಲೆ ಸಿಎಡಿಆರ್ ಅಂತ ಬರೆದ ಅಂಕಿಯೇ ಅದು, ಉಳಿದ ಬಣ್ಣದ ಮಾತುಗಳನ್ನು ಓದಬೇಡಿ. ಹೆಪಾ ಫಿಲ್ಟರ್ ಇರಬೇಕು, ಓಝೋನ್ ಬಿಡುವ ಅಯೊನೈಸರ್ ಮಾದರಿ ಬೇಡ, ದಮ್ಮು ಇರುವವರಿಗಂತೂ ಬೇಡವೇ ಬೇಡ. ಹೆಪಾ ಹಿಡಿಯುವುದು ಧೂಳು, ಹೊಗೆಯ ಕಣ, ಬೂಷ್ಟಿನ ಬೀಜಕಣ. ಬಣ್ಣದ, ಅಂಟಿನ ಆವಿಯನ್ನು ಹಿಡಿಯುವುದಿಲ್ಲ. ಫಿಲ್ಟರ್ ಆಗಾಗ ಬದಲಿಸುವ ಖರ್ಚು ಯಾರದ್ದು ಅಂತ ಮಗನ ಹತ್ತಿರ ಈಗಲೇ ಕೇಳಿಕೊಳ್ಳಿ.

ಆದರೆ ನಿಮ್ಮ ನಿಜವಾದ ತೊಂದರೆ ತೇವ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮ ಕಾಸರಗೋಡು. ಜೂನ್‌ನಿಂದ ಗೋಡೆ, ಚಪ್ಪಲಿ, ಪುಸ್ತಕ ಎಲ್ಲದಕ್ಕೂ ಬೂಷ್ಟು. ಪ್ಯೂರಿಫೈಯರ್ ಗೋಡೆ ಒಣಗಿಸುವುದಿಲ್ಲ, ಗಿಡ ಇನ್ನಷ್ಟು ತೇವ ಬಿಡುತ್ತದೆ. ಹಾಕಿದ ನೀರಿನ ಹೆಚ್ಚು ಪಾಲು ಎಲೆಯಿಂದ ಆವಿಯಾಗಿ ಕೋಣೆಗೇ ಬರುವುದು ತಾನೇ? ಒಣಹವೆಯ ಊರುಗಳಲ್ಲಿ ಅದೊಂದು ಉಪಕಾರ, ಇಲ್ಲಿ ಉಪದ್ರ. ಸದಾ ಒದ್ದೆ ಇರುವ ಚಟ್ಟಿಯ ಮಣ್ಣಿನ ಮೇಲೂ ಬೂಷ್ಟು ಬೆಳೆಯುತ್ತದೆ. ಹಾಗಾಗಿ ಮಲಗುವ ಕೋಣೆಯಿಂದ ಚಟ್ಟಿಗಳನ್ನು ಸಿಟೌಟಿಗೆ ಸಾಗಿಸಿ. ಗೋಡೆಗೆ ನೀರು ಇಳಿಯುವುದು ಎಲ್ಲಿಂದ ಅಂತ ಹುಡುಕಿ ಸರಿ ಮಾಡಿಸಿ. ಒದ್ದೆ ಬಟ್ಟೆ ಕೋಣೆಯೊಳಗೆ ಒಣಗಿಸಬೇಡಿ. ಬಿಸಿಲು ಕಂಡ ದಿನ ಹಾಸಿಗೆ ಹೊರಗೆ ಬರಲಿ. ಇಷ್ಟಾದ ಮೇಲೂ ದಮ್ಮು ಕಾಡಿದರೆ ಮಗ ಕಳಿಸುವುದು ಬರಲಿ, ಬೇಡ ಅನ್ನಬೇಡಿ.

ಹಾಗಾದರೆ ಗಿಡ ಸಾಕುವುದೇ ದಂಡವಾ ಅಂತ ಕೆಲವರು ಕೇಳಿದ್ದಾರೆ. ಯಾಕೆ ದಂಡ? 1984ರಲ್ಲಿ ರೋಜರ್ ಉಲ್ರಿಕ್ ಎಂಬವರು ಒಂದು ಆಸ್ಪತ್ರೆಯ ದಾಖಲೆ ನೋಡಿ ಬರೆದರು: ಶಸ್ತ್ರಚಿಕಿತ್ಸೆ ಆದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ನೋವಿನ ಮದ್ದೂ ಕಡಿಮೆ ಕೇಳಿದರು. ಒಂದೊಂದು ಗುಂಪಿನಲ್ಲಿ 23 ಜನರಷ್ಟೇ, ಚಿಕ್ಕ ಲೆಕ್ಕ. ಅದೂ ಹೊರಗಿನ ಮರ, ಚಟ್ಟಿಯ ಗಿಡ ಅಲ್ಲ. ಆದರೂ ಹಸಿರು ಕಂಡರೆ ಖುಷಿಯಾಗುತ್ತದೆ ಅನ್ನಲು ನಮಗೆ ಅಧ್ಯಯನ ಯಾಕೆ? ಚಂದಕ್ಕೆ ಅಂತ ತನ್ನಿ. ಮದ್ದು ಅಂತ ದುಪ್ಪಟ್ಟು ದುಡ್ಡು ಕೊಡಬೇಡಿ. ಅದೇ ಸ್ನೇಕ್ ಪ್ಲಾಂಟ್ ಪಕ್ಕದ ಮನೆಯ ಅಕ್ಕನ ಬೇಲಿಯಲ್ಲಿ ಗುಂಪು ಗುಂಪಾಗಿ ಬೆಳೆದಿರುತ್ತದೆ, ಕೇಳಿದರೆ ಒಂದು ಬುಡ ಕಿತ್ತು ಕೊಡುತ್ತಾರೆ.

ಪ್ರಶ್ನೆ: ಮನಿ ಪ್ಲಾಂಟನ್ನು ಬಾಟಲಿ ನೀರಲ್ಲಿ ಇಟ್ಟದ್ದಕ್ಕೆ ಆಶಾ ಕಾರ್ಯಕರ್ತೆ ಬೈದು ಹೋದರು. ಗಾಳಿ ಶುದ್ಧವಾಗಲಿ ಅಂತ ಇಟ್ಟದ್ದು.
– ಓದುಗಿ, ಮುಳ್ಳೇರಿಯ

ಅವರು ಬೈದದ್ದು ಸರಿ. ನಿಂತ ನೀರಲ್ಲಿ ಈಡಿಸ್ ಸೊಳ್ಳೆಯ ಮೊಟ್ಟೆ ಒಂದು ವಾರ, ಹತ್ತು ದಿನದೊಳಗೆ ರೆಕ್ಕೆ ಬಂದು ಹಾರುತ್ತದೆ, ಡೆಂಗ್ಯೂ ತರುವುದು ಅದೇ. ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ಬಾಟಲಿಯ ಒಳಬದಿಯನ್ನು ಉಜ್ಜಿ ತೊಳೆದು ಹೊಸ ನೀರು ಹಾಕಿ, ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ. ಬೇಡದ ರಗಳೆ ಅನಿಸಿದರೆ ಮಣ್ಣಿಗೆ ನೆಡಿ. ಚಟ್ಟಿಯ ಅಡಿಯ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ಕೂಡ ನೋಡಿ.

ಪ್ರಶ್ನೆ: ಮೊಮ್ಮಗ ಅಂಬೆಗಾಲಿಡುತ್ತಿದ್ದಾನೆ, ಸಿಕ್ಕಿದ್ದೆಲ್ಲ ಬಾಯಿಗೆ. ಮನೆಯೊಳಗೆ ಡೈಫೆನ್‌ಬೇಕಿಯಾ, ಪೀಸ್ ಲಿಲಿ ಇದೆ. ತೊಂದರೆ ಉಂಟಾ?
– ಅಜ್ಜಿ, ಪೆರ್ಲ

ಉಂಟು ಅಮ್ಮ. ಈ ಎರಡರಲ್ಲೂ, ಮನಿ ಪ್ಲಾಂಟಿನಲ್ಲೂ, ಸೂಜಿಯ ಹಾಗಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುವುದೂ ಇದರಿಂದಲೇ. ಮಗು ಜಗಿದರೆ ಬಾಯಿ ಉರಿ, ತುಟಿ ನಾಲಿಗೆ ಊತ. ಸಾಮಾನ್ಯವಾಗಿ ಜೀವಕ್ಕೆ ಅಪಾಯ ಇಲ್ಲ, ಆದರೂ ಸುಮ್ಮನಿರುವ ವಿಷಯ ಅಲ್ಲ. ಬಾಯೊಳಗಿನ ತುಂಡು ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ತಣ್ಣಗಿನ ನೀರೋ ಹಾಲೋ ಕೊಡಿ. ವಾಂತಿ ಮಾಡಿಸಲು ಹೋಗಬೇಡಿ. ಊತ ಹೆಚ್ಚಾದರೆ, ಉಸಿರಿಗೆ ಅಥವಾ ನುಂಗಲು ಕಷ್ಟವಾದರೆ ತಡ ಮಾಡದೆ ಆಸ್ಪತ್ರೆಗೆ. ಅಂಗಳದ ಕಣಗಿಲೆ ಇದಕ್ಕಿಂತ ಎಷ್ಟೋ ಕೆಟ್ಟದ್ದು, 2024ರಲ್ಲಿ ಕೇರಳದ ದೇವಸ್ಥಾನಗಳನ್ನು ನೋಡಿಕೊಳ್ಳುವ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದದಲ್ಲಿ ಅದರ ಹೂವು ಬೇಡ ಅಂದದ್ದು ನೆನಪಿರಬಹುದು. ಚಟ್ಟಿಗಳನ್ನು ಮಗು ನಡೆಯಲು ಕಲಿತು ಬುದ್ಧಿ ಬರುವವರೆಗೆ ಎತ್ತರದಲ್ಲಿಡಿ, ಇಲ್ಲವಾದರೆ ಮಗಳ ಮನೆಗೆ ಕಳಿಸಿ.